ಮೊಡವೆಗೆ ಹಚ್ಚುವ ಮುನ್ನ ಟ್ಯೂಬ್ ಓದಿ: ಕಾರಣ, ಚಿಕಿತ್ಸೆ ಮತ್ತು ಸ್ಟೀರಾಯ್ಡ್ ಕ್ರೀಮಿನ ಅಪಾಯ

ಮುಂಬೈನ ಪರೇಲ್ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು, ಈಗ ಆಸ್ಪತ್ರೆಗಳ ಊರು. ಆಚಾರ್ಯ ದೋಂದೆ ಮಾರ್ಗದಲ್ಲಿ 1926ರಿಂದ ನಡೆಯುತ್ತಿರುವ ಪಾಲಿಕೆಯ ಕೆಇಎಂ ಆಸ್ಪತ್ರೆ, ಅದೇ ರಸ್ತೆಯಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ, ಕೂಗಳತೆಯಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ. ದೊಡ್ಡ ದೊಡ್ಡ ಕಾಯಿಲೆಗಳ ಈ ಬೀದಿಯಲ್ಲಿ ಮೊಡವೆ ಎಂದರೆ ಯಾರಿಗೂ ಲೆಕ್ಕಕ್ಕಿಲ್ಲ. ಅದಕ್ಕಾಗಿ ಚರ್ಮರೋಗ ವಿಭಾಗದ ಸಾಲಿನಲ್ಲಿ ಅರ್ಧ ದಿನ ಯಾರು ನಿಲ್ಲುತ್ತಾರೆ, ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಂದು ಟ್ಯೂಬ್ ಕೊಡುತ್ತಾರಲ್ಲ ಎಂಬ ಲೆಕ್ಕಾಚಾರ ಮುಂಬೈನಲ್ಲೂ ಇದೆ, ಮಂಗಳೂರಿನಲ್ಲೂ ಇದೆ, ಕಲಬುರಗಿಯಲ್ಲೂ ಇದೆ.

ಸಮಸ್ಯೆ ಶುರುವಾಗುವುದು ಆ ಟ್ಯೂಬಿನಿಂದಲೇ. ದೇಶದ 12 ಕೇಂದ್ರಗಳ ಚರ್ಮರೋಗ ತಜ್ಞರು ಸೇರಿ ಮುಖದ ಚರ್ಮದ ತೊಂದರೆಗಾಗಿ ಬಂದ 2926 ರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ, ಅಂದರೆ ಸುಮಾರು ಏಳು ಜನರಲ್ಲಿ ಒಬ್ಬರು, ಮುಖಕ್ಕೆ ಸ್ಟೀರಾಯ್ಡ್ ಕ್ರೀಮ್ ಹಚ್ಚುತ್ತಿದ್ದರು. ಅವರಲ್ಲಿ 104 ಮಂದಿ ಹಚ್ಚುತ್ತಿದ್ದುದು ಮೊಡವೆಗೆ. ಹಚ್ಚಲು ಹೇಳಿದವರು ಹೆಚ್ಚಾಗಿ ವೈದ್ಯರೇ ಅಲ್ಲ. ಸ್ಟೀರಾಯ್ಡ್ ಹಚ್ಚಿದ್ದರಿಂದ ಕಂಡುಬಂದ ಅಡ್ಡಪರಿಣಾಮಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ ಗೊತ್ತೇ? ಮೊಡವೆಗೆ. ಹೊಸದಾಗಿ ಏಳುವುದು, ಇದ್ದದ್ದು ಉಲ್ಬಣಿಸುವುದು.

ಮೊಡವೆ ಸ್ವತಃ ಅಪಾಯಕಾರಿ ಕಾಯಿಲೆಯಲ್ಲ. ಅದಕ್ಕೆ ಒಳ್ಳೆಯ, ಅಗ್ಗದ, ದಶಕಗಳಿಂದ ಬಳಕೆಯಲ್ಲಿರುವ ಔಷಧಿಗಳಿವೆ. ಆದರೆ ಅವು ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು. ಆ ಎರಡು ಮೂರು ತಿಂಗಳ ತಾಳ್ಮೆ ಇಲ್ಲದಾಗ ಕೈಗೆ ಬರುವುದೇ ತಪ್ಪು ಟ್ಯೂಬ್.

ಮೊಡವೆ ಎಂದರೇನು?

ಚರ್ಮದ ಪ್ರತಿ ರೋಮದ ಬುಡಕ್ಕೆ ಅಂಟಿಕೊಂಡು ಎಣ್ಣೆ ಸ್ರವಿಸುವ ಪುಟ್ಟ ಗ್ರಂಥಿ ಇರುತ್ತದೆ. ಮುಖ, ಎದೆ, ಬೆನ್ನು, ಭುಜಗಳಲ್ಲಿ ಇವು ದೊಡ್ಡದಾಗಿಯೂ ಹೆಚ್ಚಾಗಿಯೂ ಇರುವುದರಿಂದ ಮೊಡವೆ ಏಳುವುದು ಅಲ್ಲೇ. ಅಂಗೈ, ಅಂಗಾಲಿನಲ್ಲಿ ಈ ಗ್ರಂಥಿಯೇ ಇಲ್ಲ, ಮೊಡವೆಯೂ ಇಲ್ಲ.

ಪ್ರಾಯಕ್ಕೆ ಬಂದಾಗ ಆಂಡ್ರೋಜನ್ ಹಾರ್ಮೋನುಗಳು ಗಂಡು ಮಕ್ಕಳಲ್ಲೂ ಹೆಣ್ಣು ಮಕ್ಕಳಲ್ಲೂ ಏರುತ್ತವೆ. ಗ್ರಂಥಿ ಹಿಗ್ಗಿ ಎಣ್ಣೆ ಹೆಚ್ಚುತ್ತದೆ. ಅದೇ ಹೊತ್ತಿಗೆ ರೋಮಕೂಪದ ಒಳಗೋಡೆಯಿಂದ ಉದುರಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಾಯಿಗೆ ಬಿರಡೆ ಹಾಕಿದಂತಾಗುತ್ತದೆ. ಒಳಗೆ ಎಣ್ಣೆ ತುಂಬುತ್ತದೆ, ಗಾಳಿ ಆಡುವುದಿಲ್ಲ. ಅಂಥ ಜಾಗ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಗೆ ಅಚ್ಚುಮೆಚ್ಚು. ಇದು ಹೊರಗಿನಿಂದ ಬಂದ ಶತ್ರುವಲ್ಲ, ಎಲ್ಲರ ಚರ್ಮದಲ್ಲೂ ಇರುವಂಥದ್ದೇ. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಮುಗಿಬಿದ್ದಾಗ ಕೆಂಪು, ಊತ, ಕೀವು, ನೋವು.

ಬಿರಡೆಯ ಬಾಯಿ ಮುಚ್ಚಿದ್ದರೆ ವೈಟ್‌ಹೆಡ್, ತೆರೆದಿದ್ದರೆ ಬ್ಲ್ಯಾಕ್‌ಹೆಡ್. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆ ಅಲ್ಲ. ಚರ್ಮದ ಬಣ್ಣದ ಕಣಗಳು ಮತ್ತು ಗಾಳಿ ಸೋಕಿ ಕಪ್ಪಾದ ಎಣ್ಣೆ ಅದು. ಹಾಗಾಗಿ ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. 'ಮುಖ ಸರಿಯಾಗಿ ತೊಳೆಯುವುದಿಲ್ಲ, ಅದಕ್ಕೇ ಮೊಡವೆ' ಎಂದು ಮಕ್ಕಳನ್ನು ಗದರುವ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು. ದಿನಕ್ಕೆ ಎರಡು ಸಲ ಮೃದುವಾದ ಫೇಸ್‌ವಾಶ್‌ನಿಂದ ತೊಳೆದರೆ ಸಾಕು. ಐದಾರು ಸಲ ತಿಕ್ಕಿದರೆ ಚರ್ಮ ಒಣಗಿ ಉರಿ ಹೆಚ್ಚುತ್ತದೆ.

ಇದು ಪ್ರಾಯದವರ ಕಾಯಿಲೆ ಎಂಬುದನ್ನು ನಮ್ಮ ಹಿಂದಿನವರೂ ಗುರುತಿಸಿದ್ದರು. ಸುಶ್ರುತ ಸಂಹಿತೆ ಇದನ್ನು ಮುಖದೂಷಿಕಾ ಎಂದು ಕರೆದು ಯುವಕರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆ ಎಂದು ವರ್ಣಿಸುತ್ತದೆ. ಮರಾಠಿಯಲ್ಲಿ ಇದಕ್ಕೆ ತಾರುಣ್ಯಪೀಟಿಕಾ ಎಂಬ ಗಂಭೀರ ಹೆಸರಿದೆ. ಆದರೆ ಮುಂಬೈನ ಆಸ್ಪತ್ರೆಗಳಲ್ಲಿ ಕನ್ನಡಿಗರಿಗೆ ಹೆಚ್ಚಾಗಿ ಕಿವಿಗೆ ಬೀಳುವುದು 'ಮುರುಮ' ಎಂಬ ಪದ. ಉತ್ತರ ಕರ್ನಾಟಕದವರು ರಸ್ತೆಗೆ ಹಾಕುವ ಗರಸು ಮಣ್ಣಿಗೆ ಹೇಳುವ ಮುರುಮಿನ ಹೆಸರೇ ಮರಾಠಿಯಲ್ಲಿ ಮೊಡವೆಗೂ ಇದೆ. ಮೊಡವೆ ಎದ್ದ ಕೆನ್ನೆಯ ಮೇಲೆ ಕೈಯಾಡಿಸಿದವರಿಗೆ ಕಾರಣ ಹೇಳಬೇಕಿಲ್ಲ.

ಹಾಗೆಂದು ಇಪ್ಪತ್ತು ದಾಟಿದ ಮೇಲೆ ಬರಬಾರದೆಂದೇನಿಲ್ಲ. ಹೆಣ್ಣು ಮಕ್ಕಳಲ್ಲಿ ಮೂವತ್ತರ ಆಚೆಗೂ ದವಡೆ, ಗಲ್ಲದ ಅಂಚಿನಲ್ಲಿ ಮುಟ್ಟಿಗೆ ಮುನ್ನ ಏಳುವ ಮೊಡವೆ ಸಾಮಾನ್ಯ. ಅದರ ಜತೆಗೆ ಮುಟ್ಟು ಏರುಪೇರಾಗುವುದು, ಮುಖದಲ್ಲಿ ಒರಟು ಕೂದಲು, ತೂಕ ಹೆಚ್ಚುವುದು ಇದ್ದರೆ ಪಿಸಿಒಎಸ್ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಆಗ ಕ್ರೀಮಷ್ಟೇ ಸಾಲದು, ಹಾರ್ಮೋನಿನ ಚಿಕಿತ್ಸೆಯೂ ಬೇಕಾಗಬಹುದು.

ಸೆಕೆ, ಬೆವರು, ಎಣ್ಣೆ

ಕರಾವಳಿಯ ಹವೆಗೂ ಮೊಡವೆಗೂ ನಂಟಿದೆ. ಸೆಕೆ ಮತ್ತು ತೇವದಲ್ಲಿ ರೋಮಕೂಪದ ಬಾಯಿ ಊದಿಕೊಂಡು ಬೇಗ ಮುಚ್ಚುತ್ತದೆ. ಎರಡನೇ ಮಹಾಯುದ್ಧದಲ್ಲಿ ಉಷ್ಣವಲಯಕ್ಕೆ ಬಂದ ಸೈನಿಕರ ಬೆನ್ನು ತುಂಬ ಎದ್ದ ತೀವ್ರ ಮೊಡವೆಯನ್ನು ವೈದ್ಯರು 'ಉಷ್ಣವಲಯದ ಮೊಡವೆ' ಎಂದೇ ಕರೆದಿದ್ದರು. ಊರಿನಲ್ಲಿ ಮುಖ ನುಣ್ಣಗಿದ್ದು ಮುಂಬೈಗೆ ಬಂದ ಮೇಲೆ ಮೊಡವೆ ಎದ್ದಿತು ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ನೀರು ಬದಲಾದದ್ದಕ್ಕಿಂತ ಹವೆ ಬದಲಾದದ್ದು, ನಿದ್ದೆ ಕಡಿಮೆಯಾದದ್ದು ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಕೆಲಸದ ಜಾಗವೂ ಮುಖ್ಯ. ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ದಿನವಿಡೀ ವಡೆ ಬಾಣಲೆಯ ಮುಂದೆ ನಿಲ್ಲುವವರ ಮುಖಕ್ಕೆ ಎಣ್ಣೆಯ ಹಬೆ ಕೂರುತ್ತದೆ. ಗ್ಯಾರೇಜಿನಲ್ಲಿ, ಲೇತ್ ಮೇಲೆ ಕೆಲಸ ಮಾಡುವವರಿಗೆ ಎಣ್ಣೆ ತೊಯ್ದ ಬಟ್ಟೆ ಉಜ್ಜುವ ಮುಂಗೈ, ತೊಡೆಯ ಮೇಲೆ ಗುಳ್ಳೆ ಏಳುತ್ತವೆ. ಹೆಲ್ಮೆಟ್ ಪಟ್ಟಿ, ಮಾಸ್ಕ್, ಬೆನ್ನಿಗೆ ಅಂಟಿದ ಬ್ಯಾಗ್ ಉಜ್ಜುವ ಜಾಗಗಳದ್ದೂ ಅದೇ ಕತೆ. ಪಾಳಿ ಮುಗಿದ ತಕ್ಷಣ ಮುಖ ತೊಳೆಯುವುದು, ಬೆವರಿದ ಬನಿಯನ್ ಬದಲಿಸುವುದು ಇವರಿಗೆ ಔಷಧಿಯಷ್ಟೇ ಮುಖ್ಯ.

ನಮ್ಮವರು ಒಪ್ಪಲು ಕಷ್ಟಪಡುವ ಮಾತೊಂದಿದೆ: ತಲೆಗೆ ಹಚ್ಚುವ ತೆಂಗಿನೆಣ್ಣೆ. ಕೂದಲಿಗೆ ಅದು ಒಳ್ಳೆಯದೇ. ಆದರೆ ಹಣೆಗೆ, ಕೆನ್ನೆಯ ಅಂಚಿಗೆ ಇಳಿದು ಬಂದರೆ ರೋಮಕೂಪ ಮುಚ್ಚುತ್ತದೆ. ಹಣೆಯ ಮೇಲ್ಭಾಗದಲ್ಲಷ್ಟೇ ಸಣ್ಣ ಸಣ್ಣ ಬಿಳಿ ಗುಳ್ಳೆಗಳು ಸಾಲಾಗಿ ಎದ್ದಿದ್ದರೆ ಮೊದಲ ಅನುಮಾನ ಎಣ್ಣೆಯ ಮೇಲೆ. ತಲೆಗೆ ಸ್ನಾನ ಮಾಡುವ ಒಂದೆರಡು ಗಂಟೆ ಮುಂಚೆ ಎಣ್ಣೆ ಹಚ್ಚಿ ತೊಳೆದುಬಿಟ್ಟರೆ ಅಜ್ಜಿಯ ಮಾತೂ ಉಳಿಯುತ್ತದೆ, ಹಣೆಯೂ ಉಳಿಯುತ್ತದೆ. ರಾತ್ರಿಯಿಡೀ ಎಣ್ಣೆತಲೆಯನ್ನು ದಿಂಬಿಗೆ ಒತ್ತಿ ಮಲಗುವುದು ಬೇಡ.

ಆಹಾರದ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಸಕ್ಕರೆ, ಮೈದಾ, ಸಿಹಿ ಪಾನೀಯಗಳಂತೆ ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವ ಆಹಾರಕ್ಕೂ ಮೊಡವೆಗೂ ಸಂಬಂಧ ಇದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಹಾಲಿನ ಬಗ್ಗೆ ಪುರಾವೆ ಅಷ್ಟು ಗಟ್ಟಿಯಲ್ಲ. ಜಿಮ್‌ಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿಯಿಂದ ಮೊಡವೆ ಹೆಚ್ಚಿದ ಪ್ರಕರಣಗಳು ದಾಖಲಾಗಿವೆ. ಕರಿದದ್ದು ತಿಂದರೆ ಆ ಎಣ್ಣೆಯೇ ಮುಖದಲ್ಲಿ ಹೊರಬರುತ್ತದೆ ಎಂಬುದು ಮಾತ್ರ ಬರಿಯ ನಂಬಿಕೆ.

ಮೊಡವೆಯಂತೆ ಕಂಡರೂ ಮೊಡವೆಯಲ್ಲ

ಪರೇಲ್‌ನಂಥ ಜಾಗದಲ್ಲಿ ಇದನ್ನು ಒತ್ತಿ ಹೇಳಬೇಕು. ಟಾಟಾ ಮೆಮೋರಿಯಲ್‌ಗೆ ಕರ್ನಾಟಕದಿಂದಲೂ ರೋಗಿಗಳು ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಶ್ವಾಸಕೋಶ, ಕರುಳಿನ ಕೆಲವು ಕ್ಯಾನ್ಸರ್‌ಗಳಿಗೆ ಕೊಡುವ ಜೆಫಿಟಿನಿಬ್, ಎರ್ಲೋಟಿನಿಬ್, ಸೆಟುಕ್ಸಿಮ್ಯಾಬ್‌ನಂಥ ಔಷಧಿ ಆರಂಭಿಸಿದ ಒಂದೆರಡು ವಾರದಲ್ಲಿ ಮುಖ, ಎದೆಯ ಮೇಲೆ ಥೇಟ್ ಮೊಡವೆಯಂಥ ಕೆಂಪು ಗುಳ್ಳೆ ಏಳುವುದುಂಟು. ಇವುಗಳಲ್ಲಿ ವೈಟ್‌ಹೆಡ್, ಬ್ಲ್ಯಾಕ್‌ಹೆಡ್ ಇರುವುದಿಲ್ಲ, ಉರಿ ಮತ್ತು ತುರಿಕೆ ಹೆಚ್ಚು. ಇದಕ್ಕೆ ಅಂಗಡಿಯ ಮೊಡವೆ ಕ್ರೀಮ್ ಹಚ್ಚಿದರೆ ಒಣಗಿದ ಚರ್ಮ ಮತ್ತಷ್ಟು ಒಡೆಯುತ್ತದೆ. ಕ್ಯಾನ್ಸರ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಇನ್ನೂ ದೊಡ್ಡ ಅನಾಹುತ. ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಗುಳ್ಳೆ ತೋರಿಸಿದರೆ ಅದಕ್ಕೆ ಬೇರೆಯೇ ಔಷಧಿ ಇದೆ. ಇಲ್ಲಿ ವೈದ್ಯರೇ ಸೌಮ್ಯ ಸ್ಟೀರಾಯ್ಡ್ ಮುಲಾಮು ಬರೆಯಲೂಬಹುದು. ಅದು ಅವರು ಅಳೆದು ತೂಗಿ ಕೊಡುವ ಔಷಧಿ.

ಪರೇಲ್‌ಗೆ ಹತ್ತಿರದ ಶಿವಡಿಯಲ್ಲಿ ಪಾಲಿಕೆಯ ಕ್ಷಯರೋಗ ಆಸ್ಪತ್ರೆ ಇದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯಿಂದಲೂ ಕೆಲವರಿಗೆ ಮೊಡವೆಯಂಥ ಗುಳ್ಳೆ ಏಳುತ್ತದೆ. ಅಪಸ್ಮಾರದ ಫೆನಿಟೋಯಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಆಸ್ತಮಾ ಅಥವಾ ಸಂಧಿವಾತಕ್ಕೆ ನುಂಗುವ ಸ್ಟೀರಾಯ್ಡ್, ಬಿ12 ಚುಚ್ಚುಮದ್ದು ಇವೂ ಈ ಪಟ್ಟಿಯಲ್ಲಿವೆ. ಯಾವುದನ್ನೂ ಮುಖದ ಗುಳ್ಳೆಗೆ ಹೆದರಿ ನಿಲ್ಲಿಸಬಾರದು. ಕ್ಷಯದ ಮಾತ್ರೆ ಮಧ್ಯದಲ್ಲಿ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗುತ್ತದೆ.

ಮಳೆಗಾಲದ ಮುಂಬೈ, ಮಂಗಳೂರುಗಳಲ್ಲಿ ಇನ್ನೊಂದು ಮೋಸ ಸಾಮಾನ್ಯ. ಹಣೆ, ಎದೆ, ಬೆನ್ನಿನ ಮೇಲೆ ಎಲ್ಲವೂ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳು ಎದ್ದಿದ್ದರೆ ಅದು ಮಲಸೇಜಿಯಾ ಎಂಬ ಶಿಲೀಂಧ್ರದ ಕೆಲಸವಾಗಿರಬಹುದು. ಮೊಡವೆ ಎಂದುಕೊಂಡು ಆಂಟಿಬಯೋಟಿಕ್ ನುಂಗಿದರೆ ಇದು ಹೆಚ್ಚುತ್ತದೆ. ಇದಕ್ಕೆ ಬೇಕಾದದ್ದು ಶಿಲೀಂಧ್ರ ನಿವಾರಕ.

ಸ್ಟೀರಾಯ್ಡ್ ಕ್ರೀಮ್ ಏನು ಮಾಡುತ್ತದೆ?

ಮೊದಲ ವಾರ ಅದ್ಭುತವನ್ನೇ ಮಾಡುತ್ತದೆ. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಉರಿಯೂತವನ್ನು ಅಡಗಿಸುವುದರಿಂದ ಕೆಂಪು ಇಳಿಯುತ್ತದೆ, ನೋವು ಹೋಗುತ್ತದೆ, ಮುಖ ತುಸು ಬೆಳ್ಳಗೂ ಕಾಣುತ್ತದೆ. ನೋಡಿದವರೆಲ್ಲ ಏನು ಹಚ್ಚಿದೆ ಎಂದು ಕೇಳುತ್ತಾರೆ. ಹೀಗೆ ಒಂದೇ ಟ್ಯೂಬಿನ ಹೆಸರು ಅಕ್ಕನಿಂದ ತಂಗಿಗೆ, ರೂಮಿನ ಗೆಳೆಯನಿಂದ ಗೆಳೆಯನಿಗೆ, ಬ್ಯೂಟಿ ಪಾರ್ಲರಿನಿಂದ ಮದುಮಗಳಿಗೆ ದಾಟುತ್ತದೆ.

ಕೆಲವು ವಾರ ಕಳೆದ ಮೇಲೆ ಅಸಲಿ ಬಣ್ಣ ಗೊತ್ತಾಗುತ್ತದೆ. ಚರ್ಮ ತೆಳುವಾಗುತ್ತದೆ. ಕೆನ್ನೆಯ ಮೇಲೆ ಸೂಕ್ಷ್ಮ ರಕ್ತನಾಳಗಳು ದಾರದ ಎಳೆಗಳಂತೆ ಕಾಣತೊಡಗುತ್ತವೆ. ಒಂದೇ ಬಗೆಯ ಕೆಂಪು ಗುಳ್ಳೆಗಳು ಹಿಂಡಾಗಿ ಏಳುತ್ತವೆ. ಹೆಣ್ಣು ಮಕ್ಕಳ ಮುಖದಲ್ಲಿ ಕೂದಲು ಹೆಚ್ಚುವುದುಂಟು. ಹೆದರಿ ಕ್ರೀಮ್ ನಿಲ್ಲಿಸಿದರೆ ಎರಡು ಮೂರು ದಿನದಲ್ಲೇ ಮುಖ ಕೆಂಡದಂತಾಗುತ್ತದೆ, ಬಿಸಿಲು ತಾಗಿದರೆ, ಒಲೆಯ ಮುಂದೆ ನಿಂತರೆ ಉರಿ. ಮತ್ತೆ ಹಚ್ಚಿದರೆ ಶಾಂತ. ಅಂದರೆ ಚರ್ಮ ಕ್ರೀಮಿಗೆ ದಾಸವಾಗಿರುತ್ತದೆ. ಭಾರತದ ಚರ್ಮರೋಗ ತಜ್ಞರು ಇದನ್ನು ಎಷ್ಟು ಕಂಡಿದ್ದಾರೆಂದರೆ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂಬ ಹೆಸರನ್ನೇ ಈ ಸ್ಥಿತಿಗೆ ಕೊಟ್ಟಿದ್ದಾರೆ. ಅವರ ರಾಷ್ಟ್ರೀಯ ಸಂಘವಾದ ಐಎಡಿವಿಎಲ್ ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೂ ರಚಿಸಿದೆ.

ಕಾನೂನು ಇಲ್ಲವೆಂದಲ್ಲ. ಸ್ಟೀರಾಯ್ಡ್‌ಗಳು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಯಲ್ಲಿ ಮೊದಲಿನಿಂದ ಇದ್ದರೂ ಹೊರಗೆ ಹಚ್ಚುವ ಮುಲಾಮುಗಳಿಗೆ ಅದೇ ಪಟ್ಟಿಯ ಟಿಪ್ಪಣಿಯೊಂದು ವಿನಾಯಿತಿ ಕೊಡುತ್ತಿತ್ತು. ತಜ್ಞರ ಒತ್ತಾಯದ ನಂತರ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್ ಕ್ರೀಮ್‌ಗಳ ವಿಷಯದಲ್ಲಿ ಆ ಬಾಗಿಲು ಮುಚ್ಚಿತು. ಆದರೆ ಕೌಂಟರಿನಲ್ಲಿ ಚೀಟಿ ಕೇಳುವವರು ಎಷ್ಟು ಎಂಬುದು ಓದುಗರಿಗೇ ಗೊತ್ತು.

ಹಾಗಾಗಿ ಟ್ಯೂಬ್ ಓದುವ ಅಭ್ಯಾಸವೇ ಸದ್ಯಕ್ಕೆ ದೊಡ್ಡ ರಕ್ಷಣೆ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು ಅದರ ಕೆಳಗೆ ಸಣ್ಣಗೆ ಅಚ್ಚಾಗಿರುವ ಔಷಧಿಯ ಹೆಸರು ನೋಡಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್, ಫ್ಲೂಸಿನೋಲೋನ್, ಕ್ಲೋಬೆಟಸಾಲ್, ಹ್ಯಾಲೋಬೆಟಸಾಲ್ ಇವೆಲ್ಲ ಸ್ಟೀರಾಯ್ಡ್‌ಗಳು. 'ಸೋನ್', 'ಲೋನ್', 'ಬೆಟಸಾಲ್' ಎಂದು ಮುಗಿದರೆ ಎಚ್ಚರ. ಕ್ಲೋಟ್ರಿಮಜೋಲ್, ಕೀಟೋಕೊನಜೋಲ್‌ನಂತೆ 'ಜೋಲ್' ಎಂದು ಮುಗಿಯುವವು ಶಿಲೀಂಧ್ರ ನಿವಾರಕಗಳು, ಅವು ಬೇರೆ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರ ನಿವಾರಕ ಮೂರನ್ನೂ ಒಂದೇ ಟ್ಯೂಬಿಗೆ ಸೇರಿಸಿ ಮಾರುವುದರಿಂದ ಸಾಲಿನ ಕೊನೆಯ ಹೆಸರಿನವರೆಗೂ ಓದಬೇಕು.

ಇನ್ನೊಂದು ಬಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಬೆರೆತ ಕ್ರೀಮ್. ಇದರ ಮೂಲ 1975ರಲ್ಲಿ ಅಮೆರಿಕದ ಕ್ಲಿಗ್ಮನ್ ರೂಪಿಸಿದ ಸೂತ್ರ. ಬಂಗು ಎಂದು ಕರೆಯುವ ಕಪ್ಪು ಮಚ್ಚೆಗೆ ವೈದ್ಯರ ನಿಗಾದಲ್ಲಿ ಕೆಲ ವಾರ ಹಚ್ಚಲು ಇರುವ ಔಷಧಿ ಇದು. ನಮ್ಮಲ್ಲಿ ಇದನ್ನು ಬೆಳ್ಳಗಾಗಲು, ಮೊಡವೆ ಕಲೆಗೆ, ವರ್ಷಗಟ್ಟಲೆ ದಿನನಿತ್ಯದ ಕ್ರೀಮಿನಂತೆ ಹಚ್ಚುವವರಿದ್ದಾರೆ.

ಈಗಾಗಲೇ ಹಚ್ಚುತ್ತಿದ್ದರೆ ಏನು ಮಾಡುವುದು? ಬಹುಕಾಲ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಉರಿ ತಡೆದುಕೊಂಡು ಕೂರುವ ಬದಲು ಟ್ಯೂಬಿನ ಸಮೇತ ಚರ್ಮರೋಗ ತಜ್ಞರ ಬಳಿ ಹೋಗಿ. ಅವರು ಕಡಿಮೆ ಶಕ್ತಿಯ ಕ್ರೀಮಿಗೆ ಇಳಿಸುತ್ತಾ ಬರಬಹುದು, ಇಲ್ಲವೇ ನಿಲ್ಲಿಸಿ ಟ್ಯಾಕ್ರೋಲಿಮಸ್ ಮುಲಾಮು, ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಬಹುದು. ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬಿಟ್ಟು ಬೇರೇನೂ ಮುಖಕ್ಕೆ ಸೋಕಿಸಬಾರದು. ಚರ್ಮ ಸುಧಾರಿಸಲು ತಿಂಗಳುಗಳೇ ಹಿಡಿಯುತ್ತವೆ. ಬಹಳ ಮಂದಿಗೆ ಸುಧಾರಿಸುತ್ತದೆ ಎಂಬುದೂ ನಿಜ.

ಹಾಗಾದರೆ ಸರಿಯಾದ ಚಿಕಿತ್ಸೆ ಯಾವುದು?

ಬರಿಯ ವೈಟ್‌ಹೆಡ್, ಬ್ಲ್ಯಾಕ್‌ಹೆಡ್ ಇದ್ದರೆ ಮುಖ್ಯ ಔಷಧಿ ರೆಟಿನಾಯ್ಡ್ ಗುಂಪಿನದು. ಅಡಾಪಲೀನ್ 0.1 ಪ್ರತಿಶತ ಜೆಲ್ ಇವುಗಳಲ್ಲಿ ಹೆಚ್ಚು ಬಳಕೆಯದು. ಇದು ಬಿರಡೆ ಕಟ್ಟುವುದನ್ನೇ ತಡೆಯುತ್ತದೆ. ರಾತ್ರಿ ಮುಖ ತೊಳೆದು ಒಣಗಿದ ಮೇಲೆ ಬಟಾಣಿ ಗಾತ್ರದಷ್ಟು ಜೆಲ್ ಇಡೀ ಮುಖಕ್ಕೆ ಹಚ್ಚಬೇಕು. ಎದ್ದ ಮೊಡವೆಯ ತುದಿಗೆ ಮಾತ್ರ ಚುಕ್ಕೆ ಇಟ್ಟರೆ ಪ್ರಯೋಜನ ಕಡಿಮೆ, ಏಕೆಂದರೆ ನಾಳೆ ಏಳಲಿರುವ ಮೊಡವೆ ಈಗ ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ. ಆರಂಭದ ಎರಡು ಮೂರು ವಾರ ಚರ್ಮ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಮೊಡವೆ ಸ್ವಲ್ಪ ಹೆಚ್ಚಿದಂತೆಯೂ ಕಾಣಬಹುದು. ಬಹಳಷ್ಟು ಜನ ಔಷಧಿ ಬಿಟ್ಟುಬಿಡುವುದು ಇದೇ ಹಂತದಲ್ಲಿ. ದಿನ ಬಿಟ್ಟು ದಿನ ಹಚ್ಚುತ್ತಾ, ಮೇಲೆ ಮಾಯಿಶ್ಚರೈಸರ್ ಹಾಕುತ್ತಾ ಈ ಹಂತ ದಾಟಿದರೆ ಎಂಟರಿಂದ ಹನ್ನೆರಡು ವಾರದಲ್ಲಿ ಫಲ ಕಾಣುತ್ತದೆ.

ಕೆಂಪು ಗುಳ್ಳೆ, ಕೀವಿನ ಗುಳ್ಳೆ ಇದ್ದರೆ ಬೆಂಜಾಯಿಲ್ ಪೆರಾಕ್ಸೈಡ್ ಸೇರುತ್ತದೆ. 2.5 ಪ್ರತಿಶತದ್ದೇ ಸಾಕು. 10 ಪ್ರತಿಶತದ್ದು ಹೆಚ್ಚು ಕೆಲಸ ಮಾಡುವುದಿಲ್ಲ, ಉರಿ ಮಾತ್ರ ಹೆಚ್ಚು. ದಿಂಬಿನ ಕವರ್, ಬಣ್ಣದ ಟವೆಲ್ ಮೇಲೆ ಬಿದ್ದರೆ ಬಣ್ಣ ಹೋಗುತ್ತದೆ, ಜೋಕೆ. ಇದರ ದೊಡ್ಡ ಗುಣವೆಂದರೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಕ್ಲಿಂಡಾಮೈಸಿನ್ ಜೆಲ್‌ನಂಥ ಆಂಟಿಬಯೋಟಿಕ್‌ಗೆ ಬೇಗ ಒಗ್ಗಿಕೊಳ್ಳುತ್ತದೆ. ಆದ್ದರಿಂದ ಕ್ಲಿಂಡಾಮೈಸಿನ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವುದು ತಪ್ಪು, ಬೆಂಜಾಯಿಲ್ ಪೆರಾಕ್ಸೈಡ್ ಜತೆ ಬೇಕು.

ಎದೆ, ಬೆನ್ನಿಗೂ ಹರಡಿದ, ನೋವಿನ ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ ಮೂರು ತಿಂಗಳು, ಆಮೇಲೆ ನಿಲ್ಲಿಸಿ ಹಚ್ಚುವ ಔಷಧಿ ಮುಂದುವರಿಕೆ. ತುಂಬು ಲೋಟ ನೀರಿನೊಂದಿಗೆ ನುಂಗಬೇಕು, ನುಂಗಿದ ತಕ್ಷಣ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾದೀತು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಮೊಡವೆಗೆಂದು ಇದನ್ನು ಕೊಡುವುದಿಲ್ಲ. ಗರ್ಭಿಣಿಯರಿಗೆ ಅಜೆಲೇಯಿಕ್ ಆಸಿಡ್ ಸುರಕ್ಷಿತ. ಮೊಡವೆ ಜತೆ ಕಪ್ಪು ಕಲೆಯನ್ನೂ ತಗ್ಗಿಸುವುದರಿಂದ ನಮ್ಮ ಮೈಬಣ್ಣದವರಿಗೆ ಇದು ಒಪ್ಪುತ್ತದೆ.

ಮನೆಮದ್ದಿನಲ್ಲಿ ಕಡಲೆಹಿಟ್ಟು, ಗಂಧ, ಅರಿಶಿನ ಹಚ್ಚುವುದರಿಂದ ಹೆಚ್ಚಿನವರಿಗೆ ಹಾನಿಯಿಲ್ಲ, ದೊಡ್ಡ ಲಾಭವೂ ಇಲ್ಲ. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಮಾತ್ರ ಬೇಡವೇ ಬೇಡ. ಇವು ಚರ್ಮ ಸುಟ್ಟು ಮೊಡವೆಗಿಂತ ಗಾಢವಾದ ಕಲೆ ಉಳಿಸುತ್ತವೆ.

ವಾರದಲ್ಲಿ ಮದುವೆ ಇದೆ, ಮೂಗಿನ ಪಕ್ಕ ದೊಡ್ಡ ಗಂಟು ಎದ್ದಿದೆ ಎನ್ನುವವರಿಗೂ ದಾರಿ ಇದೆ. ತಜ್ಞರು ಆ ಒಂದು ಗಂಟಿನೊಳಗೆ ಬಹಳ ತೆಳು ಮಾಡಿದ ಟ್ರಯಾಮ್ಸಿನೋಲೋನ್ ಹನಿಯಷ್ಟು ಚುಚ್ಚುತ್ತಾರೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇದೂ ಸ್ಟೀರಾಯ್ಡೇ. ಒಂದು ಗಂಟಿಗೆ ಒಂದು ಹನಿ ಬೇರೆ, ಇಡೀ ಮುಖಕ್ಕೆ ದಿನವೂ ಬಳಿಯುವುದು ಬೇರೆ.

ಐಸೋಟ್ರೆಟಿನಾಯಿನ್: ಬಲವಾದ ಔಷಧಿ, ಬಲವಾದ ನಿಯಮ

ಗಂಟುಗಳಾಗಿ ಏಳುವ, ಗುಳಿ ಬೀಳಿಸುವ, ಬೇರೆ ಯಾವುದಕ್ಕೂ ಬಗ್ಗದ ಮೊಡವೆಗೆ ಐಸೋಟ್ರೆಟಿನಾಯಿನ್ ಕ್ಯಾಪ್ಸೂಲ್ ಇದೆ. ಅಮೆರಿಕದಲ್ಲಿ ಇದಕ್ಕೆ 1982ರಲ್ಲಿ ಅನುಮತಿ ಸಿಕ್ಕಿತು. ಮೊಡವೆಯ ಎಲ್ಲ ಕಾರಣಗಳ ಮೇಲೂ ಕೆಲಸ ಮಾಡಿ ದೀರ್ಘಕಾಲ ಮೊಡವೆ ಮರಳದಂತೆ ಮಾಡಬಲ್ಲ ಔಷಧಿ ಇದೊಂದೇ. ದೇಹದ ತೂಕಕ್ಕೆ ತಕ್ಕಂತೆ ಪ್ರಮಾಣ ನಿಗದಿ ಮಾಡಿ ಹಲವು ತಿಂಗಳು ಕೊಡುತ್ತಾರೆ. ತುಟಿ ಒಣಗುವುದು ಎಲ್ಲರಿಗೂ ಇದ್ದದ್ದೇ. ಯಕೃತ್ತು ಮತ್ತು ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸುತ್ತಿರಬೇಕು. ಮನಸ್ಸು ಕುಗ್ಗಿದಂತೆ ಅನ್ನಿಸಿದರೆ ತಡಮಾಡದೆ ವೈದ್ಯರಿಗೆ ಹೇಳಬೇಕು.

ಎಲ್ಲಕ್ಕಿಂತ ಮುಖ್ಯ: ಗರ್ಭಿಣಿ ಇದನ್ನು ಸೇವಿಸಿದರೆ ಮಗುವಿನ ಮೆದುಳು, ಹೃದಯ, ಮುಖದ ರಚನೆಯಲ್ಲಿ ಗಂಭೀರ ದೋಷಗಳಾಗುತ್ತವೆ. ಔಷಧಿ ಆರಂಭಿಸುವ ಒಂದು ತಿಂಗಳು ಮುಂಚಿನಿಂದ ನಿಲ್ಲಿಸಿದ ಒಂದು ತಿಂಗಳ ನಂತರದವರೆಗೆ ಗರ್ಭ ಧರಿಸಲೇಬಾರದು. ಅದೇ ಕಾರಣಕ್ಕೆ ಗಂಡಸರೂ ಹೆಂಗಸರೂ ಔಷಧಿ ನಡೆಯುವಾಗ ಮತ್ತು ಆಮೇಲಿನ ಒಂದು ತಿಂಗಳು ರಕ್ತದಾನ ಮಾಡುವಂತಿಲ್ಲ. ಆ ರಕ್ತ ಗರ್ಭಿಣಿಗೆ ಹೋಗುವ ಸಾಧ್ಯತೆ ಇರುತ್ತದೆ. ಗೆಳತಿಗೆ ಕೊಟ್ಟ ಸ್ಟ್ರಿಪ್ಪಿನಲ್ಲಿ ಉಳಿದದ್ದನ್ನು ನುಂಗುವಂಥ ಔಷಧಿಯಲ್ಲ ಇದು.

ಕಲೆ ಮತ್ತು ಗುಳಿ

ನಮ್ಮ ಚರ್ಮದಲ್ಲಿ ಬಣ್ಣದ ಕಣ ಹೆಚ್ಚಿರುವುದರಿಂದ ಮೊಡವೆ ಹೋದರೂ ಕಪ್ಪು ಗುರುತು ಉಳಿಯುತ್ತದೆ. ಇದು ಶಾಶ್ವತ ಕಲೆಯಲ್ಲ. ಹೊಸ ಮೊಡವೆ ನಿಂತು, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಹಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಗುಳಿ ಬಿದ್ದದ್ದು ಹಾಗಲ್ಲ, ಅದು ಕ್ರೀಮಿಗೆ ತುಂಬುವುದಿಲ್ಲ. ಮೈಕ್ರೋನೀಡ್ಲಿಂಗ್, ಲೇಸರ್, ಪೀಲ್‌ಗಳಿಂದ ಆಳ ತಗ್ಗಿಸಬಹುದು, ಪೂರ್ತಿ ಅಳಿಸಲಾಗದು. ಖರ್ಚೂ ದೊಡ್ಡದು. ಗಂಟು ಮೊಡವೆಗೆ ಬೇಗ ಚಿಕಿತ್ಸೆ ಮಾಡಿಸಿ, ಕೈಯಿಂದ ಹಿಸುಕದೆ ಇರುವುದು ಇದಕ್ಕಿಂತ ಎಷ್ಟೋ ಅಗ್ಗ.

ಆಸ್ಪತ್ರೆಗೆ ಹೋಗುವಾಗ

ಮೊಡವೆಗೆ ದುಬಾರಿ ಕ್ಲಿನಿಕ್ಕೇ ಬೇಕೆಂದಿಲ್ಲ. ಪರೇಲ್‌ನ ಕೆಇಎಂನಂತೆ ಬೆಂಗಳೂರಿನ ಬೌರಿಂಗ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಸೇರಿದಂತೆ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಗಂಟು, ಗುಳಿ, ಬೆನ್ನು ತುಂಬ ಹರಡಿದ ಮೊಡವೆ, ಮುಟ್ಟಿನ ಏರುಪೇರು, ಮೂರು ತಿಂಗಳು ಹಚ್ಚಿದರೂ ಬಗ್ಗದ ಮೊಡವೆ ಇದ್ದವರು ಹೋಗಲೇಬೇಕು. ಮೊಡವೆಯಿಂದಾಗಿ ಕಾಲೇಜು ತಪ್ಪಿಸುವ, ಫೋಟೋಗೆ ನಿಲ್ಲದ, ಕೋಣೆಯಿಂದ ಹೊರಬರದ ಮಕ್ಕಳನ್ನೂ ಕರೆದೊಯ್ಯಬೇಕು. ಹೊರಗೆ ನಾಲ್ಕೇ ಗುಳ್ಳೆ ಕಂಡರೂ ಸರಿ.

ಹೋಗುವ ದಿನ ಮುಖಕ್ಕೆ ಮೇಕಪ್ ಬೇಡ. ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬೇರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆಗಳ ಚೀಟಿ, ಜಿಮ್‌ನ ಪ್ರೋಟೀನ್ ಡಬ್ಬಿಯ ಫೋಟೋ, ತಲೆಗೆ ಹಚ್ಚುವ ಎಣ್ಣೆಯ ಹೆಸರೂ ಇರಲಿ. ಪಾರ್ಲರಿನಲ್ಲಿ ಹೆಸರಿಲ್ಲದ ಡಬ್ಬಿಯಿಂದ ತೆಗೆದು ಹಚ್ಚಿದ ಕ್ರೀಮ್ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಮೊದಲ ಪ್ರಶ್ನೆಯೇ ಅದಾಗಿರುತ್ತದೆ.